ರೋಮನ್ ಗುಡಿಯ ಮೆಟ್ಟಿಲಲ್ಲಿ ಶೈಲಮ್ಮನ ಶೂ

ಶೈಲಮ್ಮನಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ, ಅಳತೆ ನೆನಪಿರುತ್ತದೆ. ಐಸೆಲಿನ್‌ನ ಸೀರೆ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಕೂತು ಅವಳು ನ್ಯೂಜೆರ್ಸಿಯ ಅರ್ಧ ಹೆಂಗಸರಿಗೆ ರವಿಕೆ ಹೊಲಿದಿದ್ದಾಳೆ. ಇಂಥವರು ತೀರಿಕೊಂಡರಂತೆ ಎಂದರೆ, "ಯಾರು, ಆ ಎಡತೋಳು ದಪ್ಪ ಇತ್ತಲ್ಲ, ಅವ್ರಾ? ಪಾಪ" ಎನ್ನುತ್ತಾಳೆ. ಗಂಡ ಹೋದ ಮೇಲೂ ಅಂಗಡಿಯ ಮೇಲಿನ ಮನೆಯಲ್ಲಿ ಒಬ್ಬಳೇ ಇದ್ದಾಳೆ. ನಾನು ಎದುರು ಬೀದಿಯವಳು, ನನ್ನ ಯಜಮಾನರೂ ಇಲ್ಲ. ಊರಿಗೆಲ್ಲ ಚನ್ನಮ್ಮ, ಅವಳಿಗೆ ಮಾತ್ರ ಚನ್ನಿ.

ಅವಳ ಮಗ ಬದರಿಗೆ ಈ ಒಂಟಿವಾಸ ಸರಿಬರಲಿಲ್ಲ. ಹಿಲ್ಸ್‌ಬರೋದಲ್ಲಿ ಅವನದು ದೊಡ್ಡ ಮನೆ, ಕೆಳಗೆ ಬೇಸ್‌ಮೆಂಟು, ಅದಕ್ಕೆ ಕಾರ್ಪೆಟ್ಟು, ಟೀವಿ. ಶೈಲಮ್ಮ ಒಮ್ಮೆ ಬಾತ್‌ರೂಮಿನಲ್ಲಿ ಜಾರಿದ್ದೇ ನೆಪ, ಅಲ್ಲಿಗೆ ಬಂದುಬಿಡು ಎಂದು ಒಂದೇ ರಾಗ. ನಾವು ಫ್ರಾನ್ಸಿಗೆ ಹೊರಟಾಗ ಶರತ್ತು ಹಾಕಿದ.

"ಹೋಗ್ಬಾಮ್ಮಾ. ಆದ್ರೆ ಅಲ್ಲಿ ಏನಾದ್ರೂ ಎಡವಟ್ಟಾಯ್ತೋ, ಬಂದ ತಕ್ಷಣ ನಮ್ಮನೆಗೆ ಮೂವ್ ಮಾಡ್ಬೇಕು. ನೋ ಆರ್ಗ್ಯುಮೆಂಟ್."

"ಆಗ್ದೇ ಇದ್ರೆ?"

"ಆಗ್ದೇ ಇದ್ರೆ ಆ ಮಾತೇ ಎತ್ತಲ್ಲ."

ಮಂಡಿಗೆ ಒಳ್ಳೆಯದೆಂದು ಹೊಸ ಶೂ ತಂದು, ತಾನೇ ಬಗ್ಗಿ ಲೇಸು ಕಟ್ಟಿ ಕಳಿಸಿದ. ಎಂಥ ಮಗ ಎಂದು ನನಗೆ ಹೊಟ್ಟೆ ಉರಿಯಿತು.

ಕರೆದುಕೊಂಡು ಹೋದವಳು ಸಲ್ಮಾ. ಹಿಕ್ಸ್‌ವಿಲ್‌ನ ಹುಡುಗಿ, ಸ್ಕೂಲಿನಲ್ಲಿ ಫ್ರೆಂಚ್ ಹೇಳಿಕೊಡುತ್ತಾಳೆ. ರಜೆಯಲ್ಲಿ ನಮ್ಮಂಥ ಆಂಟಿಯರನ್ನು ಕಟ್ಟಿಕೊಂಡು ತಿರುಗುವುದು ಅವಳ ಪ್ರಾರಬ್ಧ. ಅವಳು ನಮ್ಮನ್ನು ಇಳಿಸಿದ ಊರು ಅಂಗೈಯಷ್ಟು. ಹೆಸರು ನನ್ನ ನಾಲಿಗೆಗೆ ಕೊನೆಗೂ ಹತ್ತಲಿಲ್ಲ. ಗುಡ್ಡದ ಮೇಲೆ ರಾಜರ ಕಾಲದ ಕಲ್ಲುಮನೆಗಳು ಒಂದರ ಹೆಗಲ ಮೇಲೆ ಒಂದು ಕೂತಿದ್ದವು. ನಡುವೆ ಓಣಿಗಳು, ಎರಡು ಕತ್ತೆ ಎದುರುಬದುರಾದರೆ ಒಂದು ಮರ್ಯಾದೆಯಾಗಿ ಹಿಂದಕ್ಕೆ ಹೋಗಬೇಕು. ಗುಡ್ಡದ ಬುಡದಲ್ಲಿ ಅದಕ್ಕೂ ಹಿಂದೆ ರೋಮನ್ನರು ಕಟ್ಟಿ ಬಿಟ್ಟುಹೋದ ಮುರುಕು ಗೋಡೆ, ಮುರುಕು ಕಂಬ. ಅಲ್ಲೊಂದು ತಲೆಯಿಲ್ಲದ ಹೆಂಗಸಿನ ಮೂರ್ತಿ. ಶೈಲಮ್ಮ ಅದನ್ನು ಸುತ್ತಿ ಬಂದು, "ಮೂವತ್ತೆಂಟು" ಎಂದಳು.

"ತಲೇನೇ ಇಲ್ವಲ್ಲೇ ಅದಕ್ಕೆ."

"ರವಿಕೆಗೆ ತಲೆ ಯಾಕೆ? ತಲೆ ಇರೋರ್ದೇ ಕಾಟ, ಟೈಟಾಯ್ತು ಲೂಸಾಯ್ತು ಅಂತ. ಇವ್ಳು ಕೊಟ್ಟಿದ್ದನ್ನ ಹಾಕ್ಕೊಂಡು ಹೋಗ್ತಾಳೆ."

ಆಚೆಗೆ ಎತ್ತರದ ಮೆಟ್ಟಿಲು, ಮೇಲೆ ಉಳಿದಿರುವ ಕಂಬಗಳು. "ಇದು ಟೆಂಪಲ್, ಆಂಟಿ" ಎಂದು ಸಲ್ಮಾ ಬಾಯಿ ಬಿಟ್ಟದ್ದೇ ತಪ್ಪಾಯಿತು. ಶೈಲಮ್ಮ ಕೆಳಗಿನ ಮೆಟ್ಟಿಲಲ್ಲಿ ಕೂತು ಶೂ ಬಿಚ್ಚಿಟ್ಟಳು.

"ಆಂಟಿ, ಒಳಗೆ ದೇವರಿಲ್ಲ. ಯಾವತ್ತೋ ಹೋಗ್ಬಿಟ್ರು."

"ಹೋಗೋದು ಅವರಿಷ್ಟ ಕಣಮ್ಮ. ನಾನ್ ಶೂ ಹಾಕ್ಕೊಂಡು ಮೆರೀತಿರೋವಾಗ ವಾಪಸ್ ಬಂದ್ರೆ?"

ನಾನು ಬಿಚ್ಚಲಿಲ್ಲ. ಮತ್ತೆ ಬಗ್ಗಿ ಹಾಕಿಕೊಳ್ಳುವವರು ಯಾರು? ದೇವರಿಗೆ ನನ್ನ ಸೊಂಟ ಗೊತ್ತು.

ಪ್ರದಕ್ಷಿಣೆ ಮುಗಿಸಿ, ಕಂಬದ ನೆರಳಲ್ಲಿ ಡಬ್ಬಿಯ ಪುಳಿಯೋಗರೆ ತಿಂದು ಕೆಳಗಿಳಿದರೆ ಶೂ ಇಲ್ಲ! ಶೈಲಮ್ಮನ ಮುಖ ಅರಳಿತು. "ದೇವಸ್ಥಾನದಲ್ಲಿ ಕಾಲಿಂದು ಕಳೆದ್ರೆ ಶನಿ ಬಿಟ್ಟ ಹಾಗೆ, ಚನ್ನಿ!" ಮರುಗಳಿಗೆ ಅದೇ ಮುಖ ಬಾಡಿತು. "ಬದರಿಗೆ ಹೇಳ್ಬೇಡ್ರೇ. ಇದೇ ಎಡವಟ್ಟು ಅಂತಾನೆ. ಬೇಸ್‌ಮೆಂಟೇ ಗತಿ."

ಅಷ್ಟರಲ್ಲಿ ಸಲ್ಮಾಳ ಫೋನು ಬಡಿದುಕೊಂಡಿತು. ಬದರಿಯೇ. ಅವನ ಕೂಗು ಗುಡ್ಡಕ್ಕೂ ಕೇಳಿಸಿರಬೇಕು.

"ಸಲ್ಮಾ, ಅಮ್ಮ ಎಲ್ಲಿ? ಊರಿಂದಾಚೆ ಹೋಗಿದ್ದಾರೆ! ಗಾರ್ಬೇಜ್ ಹಾಕೋ ಜಾಗದಲ್ಲಿ ಅಲ್ಲಾಡದೆ ಇದಾರೆ! ಕಾಲ್ ದ ಪೊಲೀಸ್!"

ಶೈಲಮ್ಮ ಫೋನು ಕಿತ್ತುಕೊಂಡಳು. "ನಾನು ಗುಡಿ ಮೆಟ್ಟಿಲ ಮೇಲೆ ಕೂತಿದೀನಿ ಕಣೋ. ಕಸದಲ್ಲಿ ಯಾವ ಅಮ್ಮ ಸಿಕ್ಳೋ ನಿಂಗೆ?"

ಆ ಕಡೆಯ ಕೂಗು ಇಳಿಯಿತು. ಆಮೇಲೆ ಮೆಲ್ಲಗೆ, "ಅಮ್ಮಾ... ಶೂ ಎಲ್ಲಿ?"

ಆಗ ಗುಟ್ಟು ರಟ್ಟಾಯಿತು. ಅಮ್ಮ ಎಲ್ಲಿದ್ದರೂ ತನ್ನ ಫೋನಿನಲ್ಲಿ ಕಾಣಲೆಂದು ಶೂ ಒಳಗಿನ ಮೆತ್ತೆಯ ಕೆಳಗೆ ಗುಂಡಿಯಂಥ ಟ್ರ್ಯಾಕರ್ ಸೇರಿಸಿ ಕಳಿಸಿದ್ದ ಭೂಪ. "ಸೇಫ್ಟಿಗೆ, ಅಮ್ಮಾ."

"ನಾಯಿ ಕುತ್ತಿಗೆಗೆ ಕಟ್ತಾರಲ್ಲ, ಅದಾ?"

"ಹಾಗಲ್ಲಮ್ಮಾ..."

ಅವಳು ಫೋನು ಇಟ್ಟುಬಿಟ್ಟಳು. ಸಲ್ಮಾ ಟಿಕೆಟ್ ಕಿಟಕಿಯಲ್ಲಿ ವಿಚಾರಿಸಿದಳು. ಯಾರೋ ಬಿಸಾಡಿದ್ದೆಂದು ಗುಡಿಸುವವನು ತನ್ನ ಗಾಡಿಗೆ ಹಾಕಿಕೊಂಡು ಹೋಗಿದ್ದನಂತೆ. ಶೈಲಮ್ಮ ನನ್ನ ಬ್ಯಾಗಿನಲ್ಲಿದ್ದ ಕಾಲುಚೀಲ ಹಾಕಿಕೊಂಡು, ಟ್ಯಾಕ್ಸಿಯಲ್ಲಿ ಮಹಾರಾಣಿಯಂತೆ ಕಸದ ಜಾಗಕ್ಕೆ ಬಂದಳು. ಶೂ ಸಿಕ್ಕಿತು. ತಲೆಯ ಪಿನ್ನು ತೆಗೆದು ಮೆತ್ತೆ ಎಬ್ಬಿಸಿ ಆ ಗುಂಡಿಯನ್ನು ಹೊರಗೆಳೆದಳು. ಹೋಟೆಲಿಗೆ ಹೋಗೋಣವೆಂದರೆ ಕೇಳದೆ ಟ್ಯಾಕ್ಸಿಯನ್ನು ಮತ್ತೆ ಗುಡಿಗೇ ತಿರುಗಿಸಿ, ಮತ್ತೆ ಶೂ ಬಿಚ್ಚಿ, ಈ ಸಲ ನನ್ನನ್ನು ಕಾವಲಿಗೆ ಕೂರಿಸಿ, ಒಂದು ಕಂಬದ ಬುಡದ ಬಿರುಕಿಗೆ ಅದನ್ನು ತುರುಕಿ ಕೈಮುಗಿದು ಬಂದಳು.

ನ್ಯೂವಾರ್ಕ್ ಏರ್‌ಪೋರ್ಟಿಗೆ ಬದರಿ ಬಂದಿದ್ದ. ಟ್ರಾಲಿ ಹಿಡಿದು ನೆಲ ನೋಡುತ್ತ, "ಅಮ್ಮಾ, ಎಡವಟ್ಟಾಯ್ತಲ್ಲ, ಈಗ..." ಎಂದು ಶುರು ಮಾಡಿದ.

"ಆಗಿದ್ದು ನಿನ್ನ ಶೂಗೆ. ನಾನು ಪುಳಿಯೋಗರೆ ತಿಂತಿದ್ದೆ. ಅದನ್ನ ಬೇಕಾದ್ರೆ ಬೇಸ್‌ಮೆಂಟಲ್ಲಿ ಇಟ್ಕೊ, ಟೀವಿ ನೋಡ್ಕೊಂಡಿರತ್ತೆ."

ನಾನು ನಕ್ಕುಬಿಟ್ಟೆ, ಬದರಿಯೂ ತಡೆಯಲಾರದೆ ನಕ್ಕ. ಕಾರು ಐಸೆಲಿನ್ ಕಡೆಗೇ ತಿರುಗಿತು.

ಅವನ ಫೋನಿನಲ್ಲಿ ಅಮ್ಮ ಇವತ್ತಿಗೂ ಆ ರೋಮನ್ ಗುಡಿಯಲ್ಲೇ ಕೂತಿದ್ದಾಳೆ. ನಿಜವಾಗಿ ಹೇಗಿದ್ದಾಳೆಂದು ತಿಳಿಯಬೇಕಾದರೆ ಶನಿವಾರ ಡ್ರೈವ್ ಮಾಡಿಕೊಂಡು ಬಂದು ಬಾಗಿಲು ತಟ್ಟಬೇಕು. ತಟ್ಟುತ್ತಾನೆ. ಶೈಲಮ್ಮ ಹೊಸ್ತಿಲಲ್ಲೇ ನಿಲ್ಲಿಸಿ ಅವನನ್ನು ಮೇಲಿಂದ ಕೆಳಗೆ ನೋಡುತ್ತಾಳೆ. "ಸೊಂಟ ಎರಡಿಂಚು ಜಾಸ್ತಿಯಾಗಿದೆ. ನಿಂಗೊಂದು ಗುಂಡಿ ಇಡ್ಬೇಕು ಕಣೋ, ಫ್ರಿಜ್ ಹತ್ರ ಎಷ್ಟ್ ಸಲ ಹೋಗ್ತೀಯ ಅಂತ ನೋಡೋಕೆ."