ಖಾರದ ಗಿರಣಿಯಲ್ಲಿ ಇಪ್ಪತ್ತೆಂಟರ ಬಿಟ್

ತೊಂಬತ್ತರ ದಶಕದ ಮೊದಲ ವರ್ಷಗಳು. ರಾಣೆಬೆನ್ನೂರಿನಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇತ್ತು. ಬ್ಯಾಡಗಿಯ ಖಾರದ ಪುಡಿ ಗಿರಣಿಯೊಂದರ ಮೋಟಾರ್ ಸುಟ್ಟು ಹೊಸದು ಬಂದಿತ್ತು. ಅದರ ಬೋಲ್ಟುಗಳು ಹಳೆಯ ರಂಧ್ರಗಳಿಗೆ ಕೂಡಲಿಲ್ಲ. ಮೋಟಾರ್ ಕೂರುವ ಉಕ್ಕಿನ ಪೀಠದ ಕಾಲುಗಳು ಕಾಂಕ್ರೀಟಿನಲ್ಲಿ ಹೂತಿದ್ದರಿಂದ, ಅಲ್ಲಿಯೇ ಇಪ್ಪತ್ತೆಂಟು ಮಿಲಿಮೀಟರಿನ ನಾಲ್ಕು ರಂಧ್ರ ಕೊರೆಯಬೇಕಿತ್ತು. ಮರುದಿನ ಸಂಜೆ ಲಾರಿಗೆ ಪುಡಿ ಹೇರದಿದ್ದರೆ ಗಿರಣಿಯ ದೊಡ್ಡ ಗಿರಾಕಿ ಕೈತಪ್ಪುತ್ತಿದ್ದ.

ಕೊರೆಯುವ ಯಂತ್ರಕ್ಕೆ ಸಿಕ್ಕಿಸುವ ದೊಡ್ಡ ಬಿಟ್ಟಿನ ಸ್ವಭಾವ ಬೇರೆ. ಅದರ ನಡು ತುದಿ ಕತ್ತರಿಸುವುದಿಲ್ಲ, ಉಕ್ಕನ್ನು ಬರೀ ಒತ್ತುತ್ತದೆ. ಆದ್ದರಿಂದ ಮೊದಲು ಸಣ್ಣ ಬಿಟ್ಟಿನಿಂದ ದಾರಿ ಮಾಡಿಕೊಡಬೇಕು. ಆಮೇಲೆ ನಿಧಾನವಾಗಿ ತಿರುಗಿಸಿ, ಬಲವಾಗಿ ಒತ್ತಿ, ಬಿಟ್ ಕಾಯದಂತೆ ಎಣ್ಣೆ ಬಿಡುತ್ತಿರಬೇಕು. ನಾನು ಎಣ್ಣೆ ಡಬ್ಬಿ ತೆಗೆಯುತ್ತಲೇ ಗಿರಣಿಯ ಮಾಲೀಕರು ಅಡ್ಡ ಬಂದರು.

"ಮಶೀನ್ ಎಣ್ಣಿ ಇಲ್ಲಿ ಒಂದು ಹನಿ ಬೀಳಬಾರದ್ರಿ. ಇದು ತಿನ್ನೋ ಪದಾರ್ಥ."

ಮಾತು ನ್ಯಾಯವಾಗಿತ್ತು, ಅದಕ್ಕೇ ಹೆಚ್ಚು ಸಿಟ್ಟು ಬಂತು. ಮೆಣಸಿನಕಾಯಿ ರಾಶಿಗೆ ತಾಡಪತ್ರಿ ಮುಚ್ಚಿ, ಒಣದಾಗಿಯೇ ಶುರು ಮಾಡಿದೆವು. ನನ್ನ ಜೊತೆಗಾರ ಖಾದರ್ ಯಂತ್ರ ಒತ್ತುತ್ತಿದ್ದ. ಆಗಾಗ ನಿಲ್ಲಿಸಿ ಬಿಟ್ ತಣ್ಣಗಾಗಲು ಬಿಡುತ್ತಿದ್ದೆವು. ಮಾಲೀಕರಿಗೆ ಅದೂ ಸರಿಬರಲಿಲ್ಲ.

"ಇದೇನ್ರಿ, ಎತ್ತಿನ ಗಾಣ ತಿರುಗಿದಂಗ ತಿರಗತೈತಿ? ಲಗೂ ಮಾಡ್ರಿ."

ಖಾರದ ಘಾಟಿಗೆ ಸೀನು ತಡೆಯಲಾರದೆ ನಾನು ಹೊರಗೆ ಹೋಗಿ ಬರುವಷ್ಟರಲ್ಲಿ, ಅವರ ಕಾಟ ತಾಳದೆ ಖಾದರ್ ಜೋರಿನ ಗೇರಿಗೆ ಹಾಕಿದ್ದ. ಬಿಟ್ ಕಿರ್ರೆಂದು ಕಿರುಚಿತು. ಅಂಚು ನೀಲಿಗಟ್ಟಿ, ಸವೆದು ದುಂಡಗಾಯಿತು. ಒಂದು ರಂಧ್ರವೂ ಆಗಿರಲಿಲ್ಲ. ಉಳಿದದ್ದು ಒಂದೇ ಬಿಟ್, ಇನ್ನೊಂದಕ್ಕೆ ಹುಬ್ಬಳ್ಳಿಗೇ ಹೋಗಬೇಕು.

"ಸಾಹುಕಾರ್ರ, ನನ್ನ ಎಣ್ಣಿ ಬ್ಯಾಡಂದ್ರ ನಿಮ್ಮ ಮನ್ಯಾಗಿನ ಎಣ್ಣಿ ತರಸ್ರಿ," ಎಂದೆ. "ಇಲ್ಲಾಂದ್ರ ಇದೂ ಸುಡತೈತಿ, ನಾಳಿ ಲಾರಿ ಖಾಲೀನ ಹೋಗತೈತಿ."

ಸಿಟ್ಟಿನಲ್ಲಿ ಆಡಿದ ಮಾತು. ಅವರು ತರಿಸಿಯೇ ಬಿಟ್ಟರು, ಒಂದು ತಂಬಿಗೆ ತುಂಬ ಕುಸುಬಿ ಎಣ್ಣೆ.

ಕಡಿಮೆ ಗೇರು, ಹನಿ ಹನಿ ಎಣ್ಣೆ. ಉಕ್ಕು ಸುರುಳಿ ಸುರುಳಿಯಾಗಿ ಎದ್ದು ಬಂತು. ಗಿರಣಿಯಲ್ಲೆಲ್ಲ ಮಿರ್ಚಿ ಭಜಿ ಕರಿದ ವಾಸನೆ.

"ಹಸಿವಿ ಆಗಾಕತ್ತೈತ್ರಿ," ಎಂದ ಖಾದರ್.

ನನಗೆ ನಗು ಬರಲಿಲ್ಲ. ನಾಲ್ಕನೆಯ ರಂಧ್ರ ಮುಗಿಯುವವರೆಗೆ ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ. ಮರುದಿನ ಸಂಜೆ ಲಾರಿ ತುಂಬಿಕೊಂಡು ಹೋಯಿತು.

ಮುಂದೆ ಬ್ಯಾಡಗಿ ಪೇಟೆಯಲ್ಲಿ ಯಾರು ಸಿಕ್ಕರೂ ಒಂದೇ ಮಾತು: "ಸಾಹುಕಾರ್ರು ಕುಸುಬಿ ಎಣ್ಣಿ ಹಾಕಂತ ಹೇಳಲಿಲ್ಲಂದ್ರ ನಿಮ್ಮ ಕೆಲಸ ಕೆಡತಿತ್ತಂತಲ್ರಿ?" ಮೈ ಉರಿಯುತ್ತಿತ್ತು. ವಾದಿಸಿ ವಾದಿಸಿ ಸಾಕಾಯಿತು.

ಆದರೆ ಪಾಠ ಕಲಿತೆ. ಅಂದಿನಿಂದ ಯಾರೇ ಕೆಲಸಕ್ಕೆ ಕರೆಯಲಿ, ರಂಧ್ರದ ಅಳತೆಗಿಂತ ಮುಂಚೆ ಅಲ್ಲಿ ಏನು ಬೀಳಬಾರದು ಎಂದು ಕೇಳುತ್ತಿದ್ದೆ; ಬಿಟ್ ಆರಿಸುವುದು ಅದರ ನಂತರ. ಹಾಗೆಯೇ ಯಂತ್ರ ಚಾಲೂ ಮಾಡುವ ಮೊದಲು, ಮಾಲೀಕರಿಗೆ ಸ್ವಲ್ಪ ದೂರದಲ್ಲಿ ಒಂದು ಕುರ್ಚಿ ಹಾಕಿಸುತ್ತಿದ್ದೆ.