ಹೆಂಡತಿಯ ಮಾತ್ರೆ ಬಿಡಿಸಿದ ಆರು ದಿನ

ನನ್ನ ಹೆಂಡತಿಗೆ ಎಚ್ಐವಿ ಬಂದದ್ದು ನನ್ನಿಂದ. ಲಾರಿ ಓಡಿಸುತ್ತಿದ್ದ ಕಾಲದ ಪಾಪ ಅದು. ಅದನ್ನು ಅವಳೆದುರು ಎಂದೋ ಒಪ್ಪಿಕೊಂಡಿದ್ದೇನೆ. ಈಗ ಬರೆಯುತ್ತಿರುವುದು ಮುದಿತನದಲ್ಲಿ ಮಾಡಿದ ಇನ್ನೊಂದು ತಪ್ಪನ್ನು.

ಮನೆ ಕುಣಿಗಲ್ಲಿನಲ್ಲಿದ್ದರೂ ಮಾತ್ರೆ ತರುತ್ತಿದ್ದುದು ತುಮಕೂರಿನಿಂದ. ಊರಿನ ಆಸ್ಪತ್ರೆಯ ಸಾಲಿನಲ್ಲಿ ಯಾರು ನೋಡಿಬಿಡುತ್ತಾರೋ ಎಂಬ ಭಯ. ಕೇಳಿದವರಿಗೆ ಇಬ್ಬರಿಗೂ ಶುಗರ್ ಎನ್ನುತ್ತಿದ್ದೆ.

ಹಳೆಯ ಮಾತ್ರೆ ಅವಳಿಗೆ ನಾಟುವುದು ನಿಂತು ವೈರಸ್ ಏರಿದ್ದರಿಂದ ಹೊಸದನ್ನು ಕೊಟ್ಟರು. ನನ್ನದು ಬದಲಾಗಲಿಲ್ಲ. ಕೌನ್ಸೆಲರ್ ಮೇಡಂ ಅವಳನ್ನು ಕೂರಿಸಿಕೊಂಡು ಹೇಳಿದರು: "ಅಮ್ಮಾ, ದಿನಾ ಊಟದ ಜೊತೆಗೇ ತಗೋಬೇಕು. ಗ್ಯಾಸ್ ಮಾತ್ರೆ ಆಗ್ಲಿ, ನಾಟಿ ಔಷ್ದಿ ಆಗ್ಲಿ, ನಮ್ಮನ್ನ ಕೇಳ್ದೆ ಬೇಡ. ಕಣ್ಣು ಹಳದಿ ಆದ್ರೆ ನೀವಾಗೇ ಮಾತ್ರೆ ಬಿಡ್ಬೇಡಿ, ಬಂದು ತೋರ್ಸಿ."

ಕಣ್ಣು ಹಳದಿಯಾಗುತ್ತದೆಂದು ಗೊತ್ತಿದ್ದೂ ಕೊಡುತ್ತಾರಲ್ಲ! ತಲೆಗೆ ಹುಳ ಹೊಕ್ಕಿತು. ಮನೆಗೆ ಬಂದು ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿದೆ. ನನಗೊಂದು, ಅವಳಿಗೊಂದು ಏಕೆ? ಬಡವರ ಮೇಲೆ ಪ್ರಯೋಗ ಮಾಡುತ್ತಿದ್ದಾರೆಯೆ?

ಮೂರನೆಯ ವಾರ ಅವಳ ಕಣ್ಣು ನಿಜಕ್ಕೂ ಹಳದಿಯಾಯಿತು. ಬಾಗಿಲು ಗುಡಿಸುತ್ತಿದ್ದವಳನ್ನು ಎದುರು ಮನೆಯಾಕೆ ಕೂಗಿದಳು: "ಏನಕ್ಕಾ, ಕಣ್ಣಿಗೆ ಅರಿಸ್ನ ಹಚ್ಕೊಂಡಿದ್ದೀಯಾ? ಕಾಮಾಲೆ ಕಣಕ್ಕಾ ಅದು! ಇಂಗ್ಲಿಷ್ ಔಷ್ದಿಗೆ ಬಗ್ಗಲ್ಲ. ಕಡಬದ ತಾವ ಒಬ್ರು ಅಜ್ಜ ಸೊಪ್ಪು ಅರ್ದು ಕೊಡ್ತಾರೆ, ಹೋಗಿ."

ಹೆಂಡತಿ ತುಮಕೂರಿಗೆ ಹೋಗೋಣ ಎಂದಳು. "ವಿಷ ಕೊಟ್ಟೋರ ಹತ್ರಾನೇ ಮದ್ದು ಕೇಳಕ್ಕೆ ಹೋಗ್ತೀಯೇನೇ?" ಎಂದು ಗದರಿದೆ.

ಖಾಲಿ ಹೊಟ್ಟೆಗೆ ಕೊಡುವ ಔಷಧಿ. ಭಾನುವಾರ ಕಾಫಿಯನ್ನೂ ಕುಡಿಯದೆ ಮೊದಲ ಬಸ್ಸು ಹಿಡಿದು, ಗುಬ್ಬಿಯಲ್ಲಿ ಇಳಿದು ಕಡಬಕ್ಕೆ ಹೋದೆವು. ಅಜ್ಜ ಅವಳ ರೆಪ್ಪೆ ಎಳೆದು ನೋಡಿದರು.

"ಬೇರೆ ಯಾವ್ದಾರ ಮಾತ್ರೆ ನುಂಗ್ತೀಯೇನವ್ವಾ?"

ಅವಳು ಬಾಯಿ ತೆರೆಯುವ ಮೊದಲೇ ನಾನು, "ಏನೂ ಇಲ್ಲ ಸ್ವಾಮಿ" ಎಂದೆ.

"ಇದ್ರೆ ನಿಲ್ಸಬೇಕು. ಒಂಬತ್ತು ದಿನ ಉಪ್ಪು, ಎಣ್ಣೆ, ಇಂಗ್ಲಿಷ್ ಮದ್ದು ಮೂರೂ ಕೂಡದು."

ಅಜ್ಜ ನನ್ನನ್ನು ಅನುಮಾನದಿಂದ ನೋಡಿದ ಹಾಗಾಯಿತು. ಕಣ್ಣು ತಪ್ಪಿಸಿದೆ. ಅವರು ಅರೆದ ಸೊಪ್ಪನ್ನು ಅವಳಿಗೆ ಕುಡಿಸಿ, ಉಳಿದ ದಿನಗಳದ್ದನ್ನು ಕಟ್ಟಿಕೊಟ್ಟರು.

ಅವತ್ತೇ ಅವಳ ಡಬ್ಬಿಯನ್ನು ನನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಕದ್ದು ನುಂಗಿ ಪಥ್ಯ ಕೆಡಿಸುತ್ತಾಳೋ ಎಂದು ಅವಳ ಮೇಲೂ ಅನುಮಾನ. ನನ್ನ ಮಾತ್ರೆಯನ್ನು ಮಾತ್ರ ತಪ್ಪದೆ ನುಂಗುತ್ತಿದ್ದೆ. ಆರನೆಯ ದಿನ ಉಪ್ಪಿಲ್ಲದ ಮಜ್ಜಿಗೆ ಅನ್ನ ಕಲಸುತ್ತಾ, ತಲೆಯೆತ್ತದೆ ಅವಳು ಕೇಳಿದಳು: "ಅವ್ರು ಕೊಡೋದು ವಿಷ ಅಂದ್ರಲ್ಲಾ, ನಿಮ್ದ್ಯಾಕ್ರೀ ಬಿಡ್ಲಿಲ್ಲ?"

ಎದ್ದು ಹೋಗಿ ಟ್ರಂಕಿನ ಬೀಗ ತೆಗೆದು, ಅವಳ ಡಬ್ಬಿಯನ್ನು ಚೀಲಕ್ಕೆ ಹಾಕಿದೆ. ಮಾರನೆಯ ದಿನ ತುಮಕೂರಿಗೆ ಹೊರಟೆವು.

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಲಿವರ್ ಚೆನ್ನಾಗಿತ್ತು. "ಈ ಮಾತ್ರೆಗೆ ಕೆಲವರ ಕಣ್ಣು ಹೀಗಾಗುತ್ತೆ, ಸಾಮಾನ್ಯವಾಗಿ ಅಪಾಯ ಇಲ್ಲ. ಆದ್ರೆ ಪರೀಕ್ಷೆ ಮಾಡ್ದೆ ಹೇಳಕ್ಕಾಗಲ್ಲ, ಅದಕ್ಕೇ ಬನ್ನಿ ಅಂದಿದ್ದು. ಮಾತ್ರೆ ಒಂದು ದಿನಾನೂ ತಪ್ಪಿಲ್ಲ ತಾನೇ?"

"ತಪ್ಪಿಲ್ಲ ಸಾರ್" ಎಂದಳು ಹೆಂಡತಿ.

ನನ್ನ ಮಾನ ಉಳಿಸಲು ಹೇಳಿದ ಸುಳ್ಳು. ಮುಂದೆ ವೈರಸ್ ಏರಿದರೆ ಡಾಕ್ಟರು ಈ ಮಾತ್ರೆಯೂ ಸೋತಿತೆಂದೇ ತಿಳಿಯುತ್ತಾರೆ. ಅವಳಿಗೆ ಉಳಿದಿದ್ದ ಔಷಧಿಗಳೇ ಕಡಿಮೆ.

"ಆರು ದಿನ ನಾನೇ ಬಿಡಿಸ್ದೆ ಸಾರ್. ಬೀಗ ಹಾಕಿ ಇಟ್ಟಿದ್ದೆ" ಎಂದೆ. ಕಡಬದ ಸೊಪ್ಪಿನ ವಿಷಯವನ್ನೂ ಹೇಳಿದೆ.

ಅವರು ಬೈಯಲಿಲ್ಲ. ಸೊಪ್ಪು ನಿಲ್ಲಿಸಿ, ಅದೇ ಮಾತ್ರೆಯನ್ನು ಅವತ್ತೇ ಶುರು ಮಾಡಿಸಿದರು. ಕೌನ್ಸೆಲರ್ ಮೇಡಂ ನನ್ನನ್ನು ಹೊರಗೆ ಕಳಿಸಿ ಅವಳೊಬ್ಬಳೊಡನೆ ಮಾತಾಡಿದರು. ಒಳಗೆ ಏನು ಹೇಳುತ್ತಿದ್ದಾಳೋ ಎಂದು ಆಗಲೂ ಕಿವಿ ಕೊಟ್ಟು ಕೂತಿದ್ದೆ, ನಾಚಿಕೆಗೆಟ್ಟವನು.

ಹೊರಬಂದವಳು ಹೇಳಿದಳು: "ಮುಂದಿನ ತಿಂಗ್ಳಿಂದ ನಾನೊಬ್ಳೇ ಬರ್ತೀನಿ. ನಿಮ್ದು ನೀವ್ ತಗೊಳ್ಳಿ."

ಹಾಗೇ ನಡೆದಿದೆ. ಕೆಲವು ತಿಂಗಳ ಮೇಲೆ ಒಂದು ಸಂಜೆ ಬಸ್ಸಿಳಿದು ಬಂದು, ವೈರಸ್ ತಗ್ಗಿದೆಯಂತೆ ಎಂದಳು. ಪರೀಕ್ಷೆಯ ಚೀಟಿ ತೋರಿಸು ಎಂಬ ಮಾತು ಬಾಯಿಗೆ ಬಂತು. ತಡೆದುಕೊಂಡೆ.