ರೇಣುಕಾ ಟೀಚರಿಗೆ ನಾವು ಮಾಡಿದ್ದು

ಬಾಗಿಲು ತೆರೆದೇ ಇದ್ದರೂ ರೇಣುಕಾ ಟೀಚರ್ ಎರಡು ಸಲ ತಟ್ಟಿ, "ಬರ್ಲೇನು?" ಎಂದು ಕೇಳಿಯೇ ನಮ್ಮ ಹತ್ತನೇ ಕ್ಲಾಸಿನೊಳಗೆ ಕಾಲಿಡುತ್ತಿದ್ದರು. ಮೊದಲ ದಿನ ನಾವು ನಕ್ಕೆವು. ಅಲ್ಲಿಯವರೆಗೆ ನಮ್ಮನ್ನು ಯಾರೂ ಹಾಗೆ ಕೇಳಿದ್ದಿಲ್ಲ.

ಮಸ್ಕಿಯಿಂದ ಬಸ್ಸು ಬದಲಿಸಿಕೊಂಡು ನಮ್ಮೂರು ತುರ್ವಿಹಾಳಕ್ಕೆ ಬರುತ್ತಿದ್ದ, ಗಡಸು ದನಿಯ ಎತ್ತರದ ಹೆಂಗಸು. ವಿಜ್ಞಾನ ಕಲಿಸುತ್ತಿದ್ದರು. ಭತ್ತದ ನಾಟಿಯ ದಿನಗಳಲ್ಲಿ ನನ್ನ ಗೆಳತಿ ಹುಲಿಗೆಮ್ಮ ಗದ್ದೆಯಿಂದ ತಡವಾಗಿ ಬಂದರೆ ಉಳಿದ ಮಾಸ್ತರರು ಹೊರಗೆ ನಿಲ್ಲಿಸುತ್ತಿದ್ದರು. ಇವರು ಮಾತ್ರ "ನಾಟಿ ಇತ್ತೇನವ್ವಾ? ಕೂಡು" ಎನ್ನುತ್ತಿದ್ದರು.

"ಸುಳ್ಳು ಹೇಳ್ತಾವ್ರೀ ಇವು" ಎಂದು ಹೆಡ್‌ಮಾಸ್ತರ್ ಗೊಣಗಿದ.

"ಹೇಳ್ಲಿ ಬಿಡ್ರೀ. ಅವ್ರನ್ನ ನಂಬಾಕಿ ಮುಂದ ಎಷ್ಟು ದಿನ ಸುಳ್ಳು ಹೇಳ್ತಾರ?" ಎಂದರು ಟೀಚರ್.

ಆ ಹೆಡ್‌ಮಾಸ್ತರನನ್ನು ನೆನೆದರೆ ಇಂದಿಗೂ ಹಲ್ಲು ಕಡಿಯುವಂತಾಗುತ್ತದೆ. ಒಂದು ಬೆಳಿಗ್ಗೆ ಹುಡುಗಿಯರ ಚೀಲಗಳನ್ನೆಲ್ಲ ತಡಕಿಸಿದ. ಹುಲಿಗೆಮ್ಮ ಯಾರೋ ಹುಡುಗನಿಗೆಂದು ಬರೆದಿಟ್ಟುಕೊಂಡಿದ್ದ ಪತ್ರ ಸಿಕ್ಕಿತು. ಅದನ್ನು ಪ್ರಾರ್ಥನೆಗೆ ನಿಂತ ಇಡೀ ಶಾಲೆಯ ಮುಂದೆ ಗಟ್ಟಿಯಾಗಿ ಓದತೊಡಗಿದ. ಹುಡುಗರು ಕೇಕೆ ಹಾಕಿದರು. ಟೀಚರ್ ಸಾಲು ದಾಟಿ ಬಂದು ಅವನ ಕೈಯಿಂದ ಪತ್ರ ಕಿತ್ತುಕೊಂಡರು.

"ಇದು ನಿಮಗ ಬರ್ದಿದ್ದಲ್ರೀ ಸರ್. ನಾಚಿಕಿ ಆಗಂಗಿಲ್ಲೇನು?"

ಕಣ್ಣು ಹಾಯಿಸದೆಯೇ ಮಡಚಿ ಹುಲಿಗೆಮ್ಮನ ಕೈಗಿಟ್ಟರು. ಅವಳಪ್ಪ ಶಾಲೆ ಬಿಡಿಸಿದಾಗ ಮೂರು ದಿನ ಅವರ ಮನೆಗೆ ಹೋಗಿ ಕೂತು, ಅವಳನ್ನು ವಾಪಸು ಕರೆತಂದರು.

ವಾರದೊಳಗೆ ಹೆಡ್‌ಮಾಸ್ತರ್ ಒಂದು ಅರ್ಜಿ ಹಿಡಿದು ನಮ್ಮ ಕ್ಲಾಸಿಗೆ ಬಂದ. ಈ ಟೀಚರ್ ಹುಡುಗಿಯರನ್ನು ಕೆಡಿಸುತ್ತಿದ್ದಾರೆ ಎಂದು ಅದರಲ್ಲಿತ್ತು.

"ಸಹಿ ಮಾಡ್ರಿ. ಇಲ್ಲಾಂದ್ರ ಪರೀಕ್ಷಾಕ್ಕ ಹ್ಯಾಂಗ ಕೂಡ್ತೀರಿ ನೋಡ್ತೀನಿ."

ಮಾಡಿದೆವು. ನಾನೂ ಮಾಡಿದೆ. ಹುಲಿಗೆಮ್ಮ ಒಬ್ಬಳೇ ಪೆನ್ನು ಮುಟ್ಟಲಿಲ್ಲ. ಟೀಚರಿಗೆ ಲಿಂಗಸುಗೂರಿನಾಚೆಯ ಹಳ್ಳಿಗೆ ವರ್ಗವಾಯಿತು.

ಹೋದ ವರ್ಷ ಸಿಂಧನೂರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಈಗ ನಾನೂ ಟೀಚರ್ ಎಂದೆ. ಆಮೇಲೆ ತಡೆಯಲಾಗಲಿಲ್ಲ.

"ಆ ಅರ್ಜಿಗಿ ನಾನೂ ಸಹಿ ಮಾಡಿದ್ದೆರೀ ಟೀಚರ್."

"ಗೊತ್ತೈತಿ. ನಂಗ ತೋರ್ಸಿದ್ರು."

"ಇನ್ನೂ ಸಿಟ್ಟು ಐತೇನ್ರೀ?"

"ಎಲ್ಲಿ ಹೋಗತೈತವ್ವಾ ಅದು? ನಿಮ್ಮ ಮ್ಯಾಲೂ ಐತಿ. ಹುಡುಗ್ರನ್ನ ಹೆದರಿಸಿ ಮಾಡಿಸ್ದವನ ಮ್ಯಾಲ ಹೆಚ್ಚೈತಿ."

ಅವರ ಬಸ್ಸು ಬಂತು. ಮೆಟ್ಟಿಲ ಮೇಲೆ ನಿಂತು ತಿರುಗಿದರು.

"ನಿನ್ನ ಹುಡುಗ್ರ ಕೈಲೆ ಯಾರಾರ ಹಂಗ ಮಾಡ್ಸಾಕ ಬಂದ್ರ, ಅಡ್ಡ ನಿಂದ್ರು. ತಿಳೀತೇನು?"

ಕ್ಷಮಿಸಿದ್ದೇನೆ ಎಂದು ಅವರು ಹೇಳಲಿಲ್ಲ. ಕೇಳುವ ಮುಖ ನನಗೂ ಇರಲಿಲ್ಲ. ಬಸ್ಸು ಹೊರಟುಹೋಯಿತು.